ಬಿಡಿಸಿ ಬರೆಯಿರಿ

ಫೋಟೋಶಾಪ್‌ನಂಥ ತಂತ್ರಾಂಶಗಳಲ್ಲಿ ಎರಡು ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು ಒಂದಾಗಿಸಲು ಬಳಸುವ ಉಪಾಯಕ್ಕೆ ಲೇಯರ್ ಮಾಸ್ಕ್ ಎಂದು ಹೆಸರು. ಅದರ ನಿಯಮ ಬಹಳ ಸರಳ. ಮೇಲಿನ ಚಿತ್ರಕ್ಕೆ ಒಂದು ಮುಸುಕು ಹೊದಿಸುತ್ತೀರಿ. ಮುಸುಕಿನಲ್ಲಿ ಬಿಳಿ ಬಳಿದ ಕಡೆ ಮೇಲಿನ ಚಿತ್ರ ಕಾಣುತ್ತದೆ, ಕಪ್ಪು ಬಳಿದ ಕಡೆ ಅದು ಮರೆಯಾಗಿ ಕೆಳಗಿನದು ಕಾಣುತ್ತದೆ. ಬೂದು ಬಳಿದರೆ ಎರಡೂ ಬೆರೆಯುತ್ತವೆ. ಕಂಪ್ಯೂಟರಿನ ಸಾಮಾನ್ಯ ಲೆಕ್ಕದಲ್ಲಿ ಕಪ್ಪಿಗೆ 0, ಬಿಳಿಗೆ 255; ನಡುವೆ ಇರುವುದು 254 ಬಗೆಯ ಬೂದು. ಇಷ್ಟನ್ನು ಕಲಿಯಲು ಹತ್ತು ನಿಮಿಷ ಸಾಕು. ಬಿಳಿಯೂ ಕಪ್ಪೂ ಸೇರುವ ಅಂಚನ್ನು ಕಾಣದಂತೆ ಮಾಡಲು ಕಲಿಯುವುದಕ್ಕೆ ಮಾತ್ರ ವರ್ಷಗಳು ಬೇಕು.

ಹೊಸಬರ ಕೆಲಸ ಸಿಕ್ಕಿಬೀಳುವುದು ಅಂಚಿನಲ್ಲೇ. ನಮ್ಮ ಊರುಗಳ ಸರ್ಕಲ್ಲುಗಳಲ್ಲಿ ಹಬ್ಬಕ್ಕೂ ಹುಟ್ಟುಹಬ್ಬಕ್ಕೂ ಏಳುವ ಫ್ಲೆಕ್ಸುಗಳನ್ನು ನೆನಪಿಸಿಕೊಳ್ಳಿ. ನಾಯಕರ ಸುತ್ತ ನಿಂತ ಹತ್ತು ಹದಿನೈದು ಮುಖಗಳು ಎಲ್ಲೆಲ್ಲಿಂದಲೋ ಕತ್ತರಿಸಿ ತಂದವು. ಒಬ್ಬರ ಕಿವಿಯ ಸುತ್ತ ಹಳೆಯ ಗೋಡೆಯ ನೀಲಿ ಇನ್ನೂ ಅಂಟಿಕೊಂಡಿರುತ್ತದೆ, ಇನ್ನೊಬ್ಬರ ತಲೆಗೂದಲು ಬಟ್ಟಲು ಕವುಚಿಟ್ಟಂತೆ ದುಂಡಗಿರುತ್ತದೆ. ಇವರೆಲ್ಲ ಒಂದೇ ದಿನ ಒಂದೇ ಕಡೆ ನಿಂತು ಫೋಟೋ ತೆಗೆಸಿಕೊಂಡರು ಎಂದು ದಾರಿಹೋಕರು ಯಾರೂ ನಂಬುವುದಿಲ್ಲ. ನಂಬಿಸುವ ಉದ್ದೇಶವೂ ಅಲ್ಲಿಲ್ಲ. ಅದೇ ಕೆಲಸವನ್ನು ನುರಿತ ಕೈಯೊಂದು ಮಾಡಿದರೆ ಕೂದಲ ಎಳೆಎಳೆಯ ನಡುವೆಯೂ ಹಿಂದಿನ ಆಕಾಶ ಕಾಣುತ್ತದೆ, ನೆರಳು ಬೀಳಬೇಕಾದಲ್ಲೇ ಬೀಳುತ್ತದೆ. ಆಗ ನಾವು ನಂಬುತ್ತೇವೆ. ಕೆಲಸ ಕೆಟ್ಟದಾಗಿದ್ದಾಗ ಯಾರಿಗೂ ಮೋಸವಿಲ್ಲ, ಚೆನ್ನಾಗಿದ್ದಾಗ ಮೋಸವಾಗಬಹುದು. ಹಾಗಾದರೆ ಅಂಚನ್ನು ನಯಗೊಳಿಸುವ ಕೌಶಲವೆಂದರೆ ಸುಳ್ಳು ಹೇಳುವ ಕೌಶಲವೇ? ಒಬ್ಬ ಕೆಲಸಗಾರ ತನ್ನ ಕಸುಬಿನಲ್ಲಿ ಮೇಲೇರಿದಷ್ಟೂ ನೀತಿಯಲ್ಲಿ ಕೆಳಗಿಳಿಯುತ್ತಾನೆಯೇ?

ಹೌದು ಎಂದು ಥಟ್ಟನೆ ಹೇಳುವವರಿದ್ದಾರೆ. ಕತ್ತರಿಸಿದ್ದನ್ನು ಕತ್ತರಿಸಿದಂತೆಯೇ ತೋರಿಸುವುದು ಪ್ರಾಮಾಣಿಕತೆ, ಆದ್ದರಿಂದ ಗಡಸು ಅಂಚೇ ಸತ್ಯ ಎಂಬುದು ಅವರ ವಾದ. ಆದರೆ ಫೋಟೋದಲ್ಲಿ ಗಡಸು ಅಂಚು ಎಲ್ಲಿದೆ? ಕ್ಯಾಮೆರಾದ ಸೆನ್ಸರ್ ಎಂದರೆ ಲಕ್ಷಗಟ್ಟಲೆ ಪುಟ್ಟ ಚೌಕಗಳ ಒಂದು ಹಾಸು. ಕೂದಲಿನ ಒಂದು ಎಳೆ ಆಕಾಶಕ್ಕೆ ಎದುರಾಗಿ ಹಾದುಹೋಗುವಲ್ಲಿ, ಒಂದೇ ಚೌಕದ ಮೇಲೆ ಸ್ವಲ್ಪ ಕೂದಲಿನ ಬೆಳಕೂ ಸ್ವಲ್ಪ ಆಕಾಶದ ಬೆಳಕೂ ಬೀಳುತ್ತದೆ. ಆ ಚೌಕ ದಾಖಲಿಸುವುದು ಎರಡರ ಮಿಶ್ರಣವನ್ನು. ಫೋಕಸ್ ತಪ್ಪಿದ ಭುಜದ ಬಳಿ ಈ ಮಿಶ್ರಣ ಹತ್ತಾರು ಚೌಕಗಳಷ್ಟು ಅಗಲಕ್ಕೆ ಹರಡಿರುತ್ತದೆ. ಮೂಲ ಫೋಟೋದಲ್ಲೇ ಗಡಿ ಎಂಬುದು ಗೆರೆಯಂತಿರದೆ ಪಟ್ಟಿಯಂತಿರುತ್ತದೆ. ಅದನ್ನು ಗೆರೆಯೆಂದು ಭಾವಿಸಿ ಕತ್ತರಿಸಿದರೆ, ಮಿಶ್ರ ಚೌಕಗಳು ಹಳೆಯ ಹಿನ್ನೆಲೆಯ ಬಣ್ಣವನ್ನು ಹೊತ್ತುಕೊಂಡೇ ಹೊಸ ಜಾಗಕ್ಕೆ ಬರುತ್ತವೆ. ಫ್ಲೆಕ್ಸಿನ ಮನುಷ್ಯನ ಕಿವಿಯ ಸುತ್ತ ನೀಲಿ ಉಳಿದದ್ದು ಹೀಗೆ. ಗಡಸು ಅಂಚು ಕತ್ತರಿಯ ಬಗ್ಗೆ ನಿಜ ಹೇಳುತ್ತದೆ, ಕೂದಲಿನ ಬಗ್ಗೆ ಸುಳ್ಳು ಹೇಳುತ್ತದೆ.

ಕ್ಯಾಮೆರಾ ಹುಟ್ಟುವುದಕ್ಕೆ ಮುನ್ನೂರಕ್ಕೂ ಹೆಚ್ಚು ವರ್ಷ ಮೊದಲೇ ಲಿಯೊನಾರ್ಡೊ ಡ ವಿಂಚಿ ಇದನ್ನು ಕಂಡುಕೊಂಡಿದ್ದ. ವಸ್ತುಗಳ ಸುತ್ತ ನಾವು ಎಳೆಯುವ ರೇಖೆ ವಸ್ತುವಿನಲ್ಲಿಲ್ಲ ಎಂಬುದು ಅವನ ತಿಳಿವಳಿಕೆ. ಮೊನಾ ಲಿಸಾಳ ತುಟಿಯ ಕೊನೆ ಎಲ್ಲಿ ಮುಗಿದು ಕೆನ್ನೆ ಎಲ್ಲಿ ಶುರುವಾಗುತ್ತದೆ ಎಂದು ಬೆರಳಿಟ್ಟು ತೋರಿಸಲಾಗದು. ಹೊಗೆಯಂತೆ ಕರಗುವ ಈ ಅಂಚಿಗೆ ಇಟಾಲಿಯನ್ನರು ‘ಸ್ಫುಮಾತೊ’ ಎಂದು ಹೆಸರಿಟ್ಟರು. ಅದನ್ನು ಮೋಸ ಎಂದವರಿಲ್ಲ, ನೋಟದ ಸೂಕ್ಷ್ಮ ಎಂದೇ ಮೆಚ್ಚಿದರು.

ಮೆತ್ತಗಿನ ಅಂಚೆಲ್ಲ ಒಳ್ಳೆಯದು ಎಂದೂ ತೀರ್ಮಾನಿಸುವಂತಿಲ್ಲ. ಕಲಿಯುವವರಿಗೆ ಮೊದಲು ಸಿಗುವ ಪರಿಹಾರ ‘ಫೆದರ್’. ಅಂಚು ಇಷ್ಟು ಪಿಕ್ಸೆಲ್ ಮಬ್ಬಾಗಲಿ ಎಂದು ಒಂದು ಅಂಕಿ ಕೊಟ್ಟರೆ ಸಾಕು, ಕಪ್ಪಿನಿಂದ ಬಿಳಿಗೆ ಬೂದಿನ ಮೆಟ್ಟಿಲುಗಳು ತಾವಾಗಿ ಮೂಡುತ್ತವೆ. ಆದರೆ ತಲೆಯಿಂದ ಕಾಲಿನವರೆಗೆ ಒಂದೇ ಅಂಕಿ ಕೊಟ್ಟರೆ ಮನುಷ್ಯ ದೆವ್ವದಂತೆ ಹೊಳೆಯತೊಡಗುತ್ತಾನೆ. ಇಸ್ತ್ರಿ ಮಾಡಿದ ಕಾಲರಿನ ಅಂಚು ಒಂದೆರಡು ಪಿಕ್ಸೆಲ್ ಅಗಲವಿದ್ದರೆ, ಫೋಕಸ್ ತಪ್ಪಿದ ಮೊಣಕೈಯ ಅಂಚು ಇಪ್ಪತ್ತಿರಬಹುದು. ಕೂದಲಿಗೆ ಇವೆರಡೂ ಹೊಂದುವುದಿಲ್ಲ, ಅಲ್ಲಿ ಎಳೆಗಳನ್ನೇ ಹಿಂಬಾಲಿಸಬೇಕು. ಆದ್ದರಿಂದ ನುರಿತವರು ದೊಡ್ಡ ಬ್ರಶ್, ಸಣ್ಣ ಬ್ರಶ್ ಬದಲಾಯಿಸುತ್ತಾ ಅಂಚಿನುದ್ದಕ್ಕೂ ಇಂಚಿಂಚೇ ಸಾಗುತ್ತಾರೆ. ಎಷ್ಟು ಮೃದು ಬೇಕು ಎಂಬುದನ್ನು ವಸ್ತುವೇ ಹೇಳಬೇಕು, ಅದು ಹೇಳಿದ್ದನ್ನು ಕೈ ಕೇಳಿಸಿಕೊಳ್ಳಬೇಕು.

1983ರಲ್ಲಿ ಪೀಟರ್ ಬರ್ಟ್ ಮತ್ತು ಎಡ್ವರ್ಡ್ ಅಡೆಲ್ಸನ್ ಎಂಬ ಇಬ್ಬರು ವಿಜ್ಞಾನಿಗಳು ಈ ಕೇಳಿಸಿಕೊಳ್ಳುವಿಕೆಗೆ ಒಂದು ಗಣಿತ ಕೊಟ್ಟರು. ಅರ್ಧ ಸೇಬು, ಅರ್ಧ ಕಿತ್ತಳೆ ಸೇರಿ ಒಂದೇ ಹಣ್ಣಾದಂತೆ ಕಾಣುವ ಅವರ ಚಿತ್ರವನ್ನು ಇವತ್ತಿಗೂ ಪಾಠಗಳಲ್ಲಿ ತೋರಿಸುತ್ತಾರೆ. ಅವರ ಯುಕ್ತಿ ಇಷ್ಟೇ. ಚಿತ್ರವನ್ನು ಒರಟು ವಿವರಗಳಿಂದ ಸೂಕ್ಷ್ಮ ವಿವರಗಳವರೆಗೆ ಹಲವು ಸ್ತರಗಳಾಗಿ ಬಿಡಿಸಿಕೊಳ್ಳಬೇಕು. ಕೆಂಪಿನಿಂದ ಕಿತ್ತಳೆಗೆ ಹೋಗುವ ದೊಡ್ಡ ಬಣ್ಣಬದಲಾವಣೆಯನ್ನು ಅಗಲವಾಗಿ ಬೆರೆಸಬೇಕು, ಸಿಪ್ಪೆಯ ಮೇಲಿನ ಸಣ್ಣ ಚುಕ್ಕೆಗಳನ್ನು ಕಿರಿದಾದ ಪಟ್ಟಿಯಲ್ಲಿ ಮಾತ್ರ ಬೆರೆಸಬೇಕು. ಎಲ್ಲವನ್ನೂ ಅಗಲವಾಗಿ ಬೆರೆಸಿದರೆ ಚುಕ್ಕೆಗಳು ಒಂದರ ಮೇಲೊಂದು ಬಿದ್ದು ಮಸುಕಾಗುತ್ತವೆ. ಎಲ್ಲವನ್ನೂ ಕಿರಿದಾಗಿ ಬೆರೆಸಿದರೆ ನಡುವೆ ಗೋಡೆ ಎದ್ದು ಕಾಣುತ್ತದೆ.

ಇಲ್ಲಿಯವರೆಗಿನ ಮಾತಿನಲ್ಲಿ ಕೆಲಸಗಾರನಿಗೆ ಒಂದು ಋಣ ಇರುವುದು ಕಾಣುತ್ತದೆ. ಅದು ವಸ್ತುವಿನ ಋಣ. ಕೂದಲು ಕೂದಲಿನಂತೆ, ಬೆಳಕು ಬೆಳಕಿನಂತೆ ಇರಬೇಕು. ನಯವಾದ ಅಂಚು ಈ ಋಣವನ್ನು ತೀರಿಸುತ್ತದೆ, ಹಾಗಾಗಿ ಕೌಶಲ ತನ್ನಷ್ಟಕ್ಕೆ ಸುಳ್ಳಲ್ಲ. ಆದರೆ ಅವನಿಗೆ ಇನ್ನೊಂದು ಋಣವೂ ಇದೆ, ನೋಡುವವನದು. ಮೊದಲನೆಯದನ್ನು ಪೂರ್ತಿ ತೀರಿಸಿಯೂ ಎರಡನೆಯದನ್ನು ಮುಳುಗಿಸಲು ಸಾಧ್ಯ. ನಾವು ಕೇಳುತ್ತಿರುವ ನೈತಿಕ ಪ್ರಶ್ನೆ ಹುಟ್ಟುವುದು ಈ ಎರಡು ಋಣಗಳ ನಡುವೆ. ಇದು ಕಂಪ್ಯೂಟರಿನ ಜೊತೆ ಬಂದ ಪ್ರಶ್ನೆಯೂ ಅಲ್ಲ.

1856-57ರ ಸುಮಾರಿಗೆ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಕಡಲಿನ ಫೋಟೋಗಳನ್ನು ತೆಗೆಯುತ್ತಿದ್ದ. ಆಗಿನ ಗಾಜಿನ ನೆಗೆಟಿವ್‌ಗಳಿಗೆ ನೀಲಿ ಬೆಳಕು ಬೇಗ ತಾಗುತ್ತಿತ್ತು. ಅಲೆಗಳು ಸರಿಯಾಗಿ ಮೂಡುವಷ್ಟು ಹೊತ್ತು ಬೆಳಕು ಕೊಟ್ಟರೆ ಆಕಾಶ ಬರೀ ಬಿಳಿಯಾಗುತ್ತಿತ್ತು, ಮೋಡ ಉಳಿಸಿಕೊಂಡರೆ ಕಡಲು ಕಪ್ಪಾಗುತ್ತಿತ್ತು. ಲ ಗ್ರೇ ಕಡಲಿಗೊಂದು, ಆಕಾಶಕ್ಕೊಂದು ನೆಗೆಟಿವ್ ತೆಗೆದು, ಒಂದನ್ನು ಅಚ್ಚಿಸುವಾಗ ಇನ್ನೊಂದರ ಭಾಗವನ್ನು ಮರೆಮಾಡಿ, ಎರಡನ್ನೂ ಒಂದೇ ಕಾಗದದ ಮೇಲೆ ಅಚ್ಚುಹಾಕಿದ. ಬೆಸುಗೆಯನ್ನು ಅವನು ಇಟ್ಟದ್ದು ದಿಗಂತದಲ್ಲಿ, ಅಂದರೆ ಪ್ರಕೃತಿಯೇ ಒಂದು ಗೆರೆ ಎಳೆದಿಟ್ಟ ಜಾಗದಲ್ಲಿ. ಒಂದೇ ಮೋಡವನ್ನು ಅವನು ಬೇರೆ ಬೇರೆ ಕಡಲುಗಳ ಮೇಲೆ ತೇಲಿಸಿದ್ದೂ ಉಂಟು. ನಮ್ಮ ಲೇಯರ್ ಮಾಸ್ಕಿನ ಪೂರ್ವಜ ಇದೇ. ಆ ಚಿತ್ರಗಳು ಸುಳ್ಳೇ? ಕಡಲ ದಂಡೆಯಲ್ಲಿ ನಿಂತ ಕಣ್ಣಿಗೆ ಮೋಡವೂ ಅಲೆಯೂ ಒಟ್ಟಿಗೇ ಕಾಣುತ್ತವೆ. ಒಟ್ಟಿಗೆ ಕಾಣಲಾಗದ ಕೊರತೆ ನೆಗೆಟಿವ್‌ನದು. ಆ ಕೊರತೆಯನ್ನು ಕೈ ತುಂಬಿಕೊಟ್ಟಿತು. ಗೋಡೆಯ ಮೇಲೆ ತೂಗುಹಾಕಿದಾಗ ಆ ಚಿತ್ರ ಯಾರ ಗಂಟನ್ನೂ ಕದಿಯುವುದಿಲ್ಲ. ಅದನ್ನೇ ಒಬ್ಬ ಹವಾಮಾನ ತಜ್ಞನ ಕೈಗಿಟ್ಟು, ಆ ದಿನ ಆ ಕಡಲ ಮೇಲೆ ಇದ್ದ ಮೋಡ ಇದು ಎಂದರೆ ಅದೇ ಕಾಗದ ಸುಳ್ಳುಸಾಕ್ಷಿಯಾಗುತ್ತದೆ. ಅಂಚಿನಲ್ಲಿ ಒಂದು ಎಳೆಯೂ ಬದಲಾಗಿಲ್ಲ, ಬದಲಾದದ್ದು ಚಿತ್ರದ ಜೊತೆ ಕೊಟ್ಟ ಮಾತು.

1858ರಲ್ಲಿ ಇಂಗ್ಲೆಂಡಿನ ಹೆನ್ರಿ ಪೀಚ್ ರಾಬಿನ್ಸನ್ ‘ಫೇಡಿಂಗ್ ಅವೇ’ ಎಂಬ ಚಿತ್ರವನ್ನು ಪ್ರದರ್ಶಿಸಿದ. ಕ್ಷಯದಿಂದ ಸಾಯುತ್ತಿರುವ ಹುಡುಗಿ, ಪಕ್ಕದಲ್ಲಿ ಮನೆಯ ಹೆಂಗಸರು, ಕಿಟಕಿಗೆ ಮುಖಮಾಡಿ ಬೆನ್ನು ತೋರಿಸಿ ನಿಂತ ಗಂಡಸು. ಐದು ನೆಗೆಟಿವ್‌ಗಳನ್ನು ಸೇರಿಸಿ ಮಾಡಿದ ಚಿತ್ರ ಅದು; ರೋಗಿಯಾಗಿ ಮಲಗಿದವಳು ಆರೋಗ್ಯವಾಗಿದ್ದ ಒಬ್ಬ ಹುಡುಗಿ. ಹಲವರಿಗೆ ಅದು ಸಹಿಸಲಾಗದ ಚಿತ್ರವೆನಿಸಿತು, ಇನ್ನೊಬ್ಬರ ಮನೆಯ ದುಃಖದೊಳಗೆ ಕ್ಯಾಮೆರಾ ನುಗ್ಗಬಹುದೇ ಎಂಬ ಆಕ್ಷೇಪ ಬಂತು. ಸಾವಿನ ಹಾಸಿಗೆಯನ್ನು ಬಣ್ಣದಲ್ಲಿ ಬರೆದ ಚಿತ್ರಕಾರರು ಎಷ್ಟೋ ಜನ. ಅವರ ಮೇಲೆ ಇಂಥ ಸಿಟ್ಟು ಬಂದಿರಲಿಲ್ಲ. ಫೋಟೋ ಎಂದ ಕೂಡಲೇ ಜನ ಅದನ್ನು ನಡೆದ ಸಂಗತಿಯೆಂದು ಓದಿದರು. ಯಾರೂ ಬಾಯಿಬಿಟ್ಟು ಮಾತು ಕೊಡದಿದ್ದರೂ ಫೋಟೋದ ಜೊತೆ ಒಂದು ಮಾತು ಅಂಟಿಕೊಂಡೇ ಬರುತ್ತದೆ, ಇದು ನಡೆಯಿತು ಎಂಬ ಮಾತು. ಬೆಸೆಯುವವನು ಆ ಮಾತಿಗೂ ಬಾಧ್ಯಸ್ಥ.

ಆ ಮಾತನ್ನೇ ನಂಬಿ ನಡೆಯುವ ಜಾಗ ಪತ್ರಿಕೆ. 2003ರ ಮಾರ್ಚ್ ಕೊನೆಯಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆಯಲ್ಲಿ ಇರಾಕ್ ಯುದ್ಧದ ಒಂದು ಫೋಟೋ ಪ್ರಕಟವಾಯಿತು. ಬಸ್ರಾದ ಬಳಿ ಒಬ್ಬ ಬ್ರಿಟಿಷ್ ಸೈನಿಕ ಕೈಚಾಚಿ ಜನರನ್ನು ಕುಳಿತುಕೊಳ್ಳುವಂತೆ ಸೂಚಿಸುತ್ತಿದ್ದಾನೆ. ಮಗುವನ್ನು ಎತ್ತಿಕೊಂಡ ಒಬ್ಬ ಮನುಷ್ಯ ಅವನತ್ತ ಬರುತ್ತಿದ್ದಾನೆ. ಛಾಯಾಗ್ರಾಹಕ ಬ್ರಯಾನ್ ವಾಲ್ಸ್ಕಿ ಕೆಲವೇ ಕ್ಷಣಗಳ ಅಂತರದಲ್ಲಿ ತೆಗೆದ ಎರಡು ಫೋಟೋಗಳನ್ನು ಒಂದಾಗಿಸಿದ್ದ. ಒಂದರಲ್ಲಿ ಸೈನಿಕನ ಭಂಗಿ ಚೆನ್ನಾಗಿತ್ತು, ಇನ್ನೊಂದರಲ್ಲಿ ಆ ತಂದೆಯದು. ಅಂಚು ಸಾಕಷ್ಟು ನಯವಾಗಿತ್ತು. ಗುಟ್ಟು ಹೊರಬಿದ್ದದ್ದು ಹಿನ್ನೆಲೆಯಿಂದ. ಅಲ್ಲಿ ಕುಳಿತಿದ್ದ ಕೆಲವರು ಚಿತ್ರದಲ್ಲಿ ಎರಡೆರಡು ಸಲ ಇದ್ದರು. ಪತ್ರಿಕೆ ಅವನನ್ನು ಕೆಲಸದಿಂದ ತೆಗೆಯಿತು.

ಇಲ್ಲಿ ಯೋಚಿಸಬೇಕಾದ ಒಂದು ತೊಡಕಿದೆ. ಆ ಸೈನಿಕ ನಿಜ, ತಂದೆ ನಿಜ, ಮಗು ನಿಜ. ಎರಡು ಕ್ಷಣಗಳೂ ನಡೆದವೇ. ಹಾಗಾದರೆ ಸುಳ್ಳು ಯಾವುದು? ಆ ಇಬ್ಬರ ನಡುವಿನ ಸಂಬಂಧ. ಬೆಸೆದ ಚಿತ್ರದಲ್ಲಿ ಸೈನಿಕನ ಚಾಚಿದ ಕೈ ಆ ತಂದೆಗೇ ಏನೋ ಹೇಳುತ್ತಿರುವಂತೆ ಕಾಣುತ್ತದೆ. ಆ ಕೈ ಆ ಮುಖಕ್ಕೆ ಹಾಗೆ ಎದುರಾದ ಒಂದೇ ಕ್ಷಣ ಇರಲೇ ಇಲ್ಲ. ಯುದ್ಧದ ಚಿತ್ರದಲ್ಲಿ ನಾವು ಓದುವುದೇ ಅದನ್ನು: ಬಂದೂಕು ಯಾರ ಕಡೆಗಿದೆ, ಯಾರು ಯಾರನ್ನು ನೋಡುತ್ತಿದ್ದಾರೆ ಎಂಬುದನ್ನು. ನಿಜವಾದ ತುಂಡುಗಳಿಂದಲೇ ಸುಳ್ಳು ವಾಕ್ಯ ಕಟ್ಟಬಹುದು ಎಂಬುದು ಮಾತನಾಡಬಲ್ಲ ಎಲ್ಲರಿಗೂ ಗೊತ್ತು. ಪದಗಳೆಲ್ಲ ನಿಘಂಟಿನಲ್ಲಿವೆ, ಸುಳ್ಳಿರುವುದು ಅವುಗಳನ್ನು ಸೇರಿಸಿದ ಬಗೆಯಲ್ಲಿ.

ಪದಗಳನ್ನು ಸೇರಿಸುವ ಮಾತು ಬಂದದ್ದರಿಂದ ನಮ್ಮ ಶಾಲೆಯ ವ್ಯಾಕರಣದ ಪಾಠಕ್ಕೆ ಹೋಗೋಣ. ಅಂಚುಗಳು ಕೂಡುವುದರ ಬಗ್ಗೆ ನಮ್ಮಲ್ಲಿ ಇರುವ ಅತ್ಯಂತ ಸ್ಪಷ್ಟವಾದ ಚಿಂತನೆ ಸಂಧಿಯ ನಿಯಮಗಳಲ್ಲಿದೆ. ಊರು ಮತ್ತು ಅಲ್ಲಿ ಸೇರಿ ಊರಲ್ಲಿ ಆಗುವಾಗ ಒಂದು ಸ್ವರ ಬಿಟ್ಟುಹೋಗುತ್ತದೆ, ಅದು ಲೋಪ. ಮನೆ ಮತ್ತು ಅನ್ನು ಸೇರಿ ಮನೆಯನ್ನು ಆಗುವಾಗ ನಡುವೆ ಯಕಾರ ಬಂದು ಕೂರುತ್ತದೆ, ಅದು ಆಗಮ. ಮಳೆ ಮತ್ತು ಕಾಲ ಸೇರಿ ಮಳೆಗಾಲ ಆಗುವಾಗ ಕಕಾರ ಗಕಾರವಾಗುತ್ತದೆ, ಅದು ಆದೇಶ. ಬಿಡುವುದು, ತುಂಬುವುದು, ಬದಲಿಸುವುದು: ಲೇಯರ್ ಮಾಸ್ಕಿನ ಅಂಚಿನಲ್ಲಿ ಕೂತವರು ದಿನವಿಡೀ ಮಾಡುವುದೂ ಈ ಮೂರನ್ನೇ. ಸಂಧಿಯಿಲ್ಲದ ಮಾತು ಫ್ಲೆಕ್ಸಿನ ಮುಖಗಳಂತೆ ಬಿಡಿಬಿಡಿಯಾಗಿ ತೋರುತ್ತದೆ. ನಯ ನಮಗೆ ಬೇಕು. ಆದರೆ ವ್ಯಾಕರಣ ಆ ನಯಕ್ಕೆ ಒಂದು ಷರತ್ತು ಹಾಕುತ್ತದೆ. ಅರ್ಥ ಕೆಡದಿದ್ದರೆ ಮಾತ್ರ ಲೋಪ ಮಾಡಬಹುದು. ಗುರು ಮತ್ತು ಅನ್ನು ಸೇರಿದಾಗ ಉಕಾರವನ್ನು ಬಿಟ್ಟು ‘ಗುರನ್ನು’ ಎಂದರೆ ಗುರುವೇ ಇಲ್ಲದಂತಾಗುತ್ತದೆ. ಅದಕ್ಕೇ ವಕಾರ ತಂದು ಗುರುವನ್ನು ಎನ್ನುತ್ತೇವೆ.

ಇನ್ನೂ ಒಂದು ಸಂಗತಿ ಇದೆ, ನನಗೆ ಅದು ಷರತ್ತಿಗಿಂತಲೂ ಮುಖ್ಯವೆನಿಸುತ್ತದೆ. ಸಂಧಿ ಕಲಿಸುವ ಪಾಠದ ಕೊನೆಯಲ್ಲಿ ಯಾವಾಗಲೂ ಒಂದು ಪ್ರಶ್ನೆ ಇರುತ್ತದೆ: ಬಿಡಿಸಿ ಬರೆಯಿರಿ. ಕೂಡಿಸುವುದು ಹೇಗೆಂದು ಕಲಿತ ಮಗು ಬಿಡಿಸುವುದು ಹೇಗೆಂದೂ ಕಲಿಯುತ್ತದೆ. ಮಳೆಗಾಲ ಎಂದು ಕೇಳಿದವನು ಬೇಕೆನಿಸಿದಾಗ ಮಳೆ, ಕಾಲ ಎಂದು ಎರಡಾಗಿಸಬಲ್ಲ. ಹೇಳುವವನಿಗೂ ಕೇಳುವವನಿಗೂ ನಿಯಮ ಗೊತ್ತಿರುವುದರಿಂದ ಸಂಧಿ ಎಷ್ಟೇ ನಯವಾಗಿದ್ದರೂ ಅದು ಮೋಸವಾಗುವುದಿಲ್ಲ. ಬೆಸುಗೆಯ ನೀತಿಯನ್ನು ಅಳೆಯಲು ನನಗೆ ಸಿಕ್ಕಿರುವ ಕೋಲು ಇದು. ಬೆಸುಗೆ ಕಾಣಿಸುತ್ತದೆಯೋ ಇಲ್ಲವೋ ಎಂದು ಕೇಳುವುದರ ಬದಲು, ನಂಬಬೇಕಾದವನಿಗೆ ಅದನ್ನು ಬಿಡಿಸುವ ದಾರಿ ಇದೆಯೋ ಇಲ್ಲವೋ ಎಂದು ಕೇಳಬೇಕು.

ವಿಚಿತ್ರವೆಂದರೆ ಲೇಯರ್ ಮಾಸ್ಕ್ ತಾನಾಗಿ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಫೋಟೋಶಾಪ್ ಮಾರುಕಟ್ಟೆಗೆ ಬಂದದ್ದು 1990ರಲ್ಲಿ, ಅದರಲ್ಲಿ ಪದರಗಳ ವ್ಯವಸ್ಥೆ ಬಂದದ್ದು 1994ರಲ್ಲಿ. ಅದಕ್ಕೆ ಮೊದಲು ಒಂದು ತುಂಡನ್ನು ಅಂಟಿಸಿದರೆ ಕೆಳಗಿನದು ಹೋದಂತೆಯೇ. ಪದರಗಳು ಬಂದ ಮೇಲೆ, ಮುಸುಕಿನಲ್ಲಿ ಕಪ್ಪು ಬಳಿದರೂ ಮೇಲಿನ ಚಿತ್ರದ ಒಂದು ಚುಕ್ಕೆಯೂ ಅಳಿಯುವುದಿಲ್ಲ, ಸುಮ್ಮನೆ ಮರೆಯಲ್ಲಿರುತ್ತದೆ. ಬಿಳಿ ಬಳಿದರೆ ಮರಳಿ ಬರುತ್ತದೆ. ಹತ್ತು ವರ್ಷದ ನಂತರ ಆ ಫೈಲನ್ನು ತೆರೆದವರೂ ಯಾವುದು ಎಲ್ಲಿಂದ ಬಂತು, ಎಲ್ಲಿ ಬೆಸೆದರು ಎಂದು ಒಂದೊಂದಾಗಿ ನೋಡಬಹುದು. ಇಷ್ಟು ಪ್ರಾಮಾಣಿಕವಾದ ಸಾಧನ ಫೋಟೋ ಕಸುಬಿನ ಚರಿತ್ರೆಯಲ್ಲಿ ಅಪರೂಪ. ಆದರೆ ನಾವು ಆ ಫೈಲನ್ನು ಯಾರಿಗೂ ಕಳಿಸುವುದಿಲ್ಲ. ಕೊನೆಗೆ ‘ಫ್ಲಾಟನ್’ ಒತ್ತಿ ಪದರಗಳನ್ನೆಲ್ಲ ಒಂದಾಗಿಸಿ ಜೆಪೆಗ್ ಮಾಡಿ ವಾಟ್ಸಾಪಿಗೆ ಬಿಡುತ್ತೇವೆ. ಆ ಗಳಿಗೆಯಲ್ಲಿ ಮುಸುಕು ಮಾಯವಾಗುತ್ತದೆ, ಮರೆಯಲ್ಲಿದ್ದದ್ದು ಇಲ್ಲವಾಗುತ್ತದೆ. ಅಂಚನ್ನು ಗಂಟೆಗಟ್ಟಲೆ ನಯಗೊಳಿಸುವಾಗ ಹುಟ್ಟದ ನೈತಿಕ ಪ್ರಶ್ನೆ ಒಂದು ಕ್ಲಿಕ್ಕಿನಲ್ಲಿ ಹುಟ್ಟುತ್ತದೆ. ಬಿಡಿಸುವ ದಾರಿ ಮಾಡಿದವನ ಮನೆಯಲ್ಲಿ ಉಳಿಯಿತು, ನಂಬುವ ಕೆಲಸ ಮಾತ್ರ ನೋಡುವವನ ಪಾಲಿಗೆ ಬಂತು.

ಬಿಡಿಸುವ ದಾರಿಯನ್ನು ಚಿತ್ರದೊಳಗೇ ಇಡಲು ಬರುವುದಿಲ್ಲವೇ? ಬರುತ್ತದೆ ಎಂದು ತೋರಿಸಿಕೊಟ್ಟವರು ಹಳೆಯ ಚಿತ್ರಗಳನ್ನು ದುರಸ್ತಿ ಮಾಡುವ ಇಟಲಿಯ ಕುಶಲಕರ್ಮಿಗಳು. 1944ರಲ್ಲಿ ವಿತೆರ್ಬೊ ನಗರದ ಒಂದು ಚರ್ಚಿನ ಮೇಲೆ ಬಾಂಬು ಬಿದ್ದು ಹದಿನೈದನೇ ಶತಮಾನದ ಭಿತ್ತಿಚಿತ್ರಗಳು ಚೂರುಚೂರಾದವು. ರೋಮಿನಲ್ಲಿ 1939ರಲ್ಲಿ ಸ್ಥಾಪನೆಯಾಗಿದ್ದ ದುರಸ್ತಿ ಸಂಸ್ಥೆಯವರು ಆ ಚೂರುಗಳನ್ನು ಆಯ್ದು ಜೋಡಿಸಿದರು. ಸಿಗದ ಚೂರುಗಳ ಜಾಗ ಖಾಲಿ ಬಿಟ್ಟರೆ ಕಣ್ಣು ಚಿತ್ರ ಬಿಟ್ಟು ಗಾಯವನ್ನೇ ನೋಡುತ್ತದೆ. ಹಳೆಯ ಚಿತ್ರಕಾರನಂತೆಯೇ ಬರೆದು ತುಂಬಿದರೆ ಅವನ ಹೆಸರಿನಲ್ಲಿ ಸುಳ್ಳು ಸಹಿ ಹಾಕಿದಂತಾಗುತ್ತದೆ. ಆ ಸಂಸ್ಥೆಯ ಮೊದಲ ನಿರ್ದೇಶಕ ಚೆಸಾರೆ ಬ್ರಾಂಡಿ ನಡುವಿನ ದಾರಿಯೊಂದನ್ನು ರೂಪಿಸಿದ. ಖಾಲಿ ಜಾಗವನ್ನು ತೆಳುವಾದ, ನೆಟ್ಟನೆಯ, ಒತ್ತೊತ್ತಾದ ಜಲವರ್ಣದ ಗೀರುಗಳಿಂದ ತುಂಬುವುದು. ದೂರದಿಂದ ಗೀರುಗಳು ಬೆರೆತು ಚಿತ್ರ ಇಡಿಯಾಗಿ ಕಾಣುತ್ತದೆ. ಹತ್ತಿರ ಹೋದವನಿಗೆ ಯಾವುದು ಹಳೆಯದು, ಯಾವುದು ಹೊಸದು ಎಂದು ಸ್ಪಷ್ಟವಾಗುತ್ತದೆ. ಇದಕ್ಕೆ ‘ತ್ರಾತ್ತೆಜ್ಜೊ’ ಎನ್ನುತ್ತಾರೆ. ನೋಡಿ ಸಂತೋಷಪಡಲು ಬಂದವನಿಗೆ ಇಡಿತನ ಸಿಕ್ಕಿತು, ತಿಳಿಯಬೇಕೆಂದು ಹತ್ತಿರ ಬಂದವನಿಗೆ ತಿಳಿವಳಿಕೆ ಸಿಕ್ಕಿತು. ಒಂದೇ ಅಂಚು ಎರಡೂ ಋಣಗಳನ್ನು ತೀರಿಸಿತು.

ಇದು ಮ್ಯೂಸಿಯಮ್ಮಿನ ಮಾತಾಯಿತು, ಮನೆಯ ಮಾತಿಗೆ ಬರೋಣ. ಮದುವೆಯ ಗ್ರೂಪ್ ಫೋಟೋದಲ್ಲಿ, ಆ ಮದುವೆಗೆ ಮೊದಲೇ ತೀರಿಕೊಂಡ ತಂದೆಯನ್ನು ಸೇರಿಸಿಕೊಡಿ ಎಂದು ಸ್ಟುಡಿಯೋದವರನ್ನು ಕೇಳುವುದು ನಮ್ಮಲ್ಲಿ ಈಗ ಹೊಸದಲ್ಲ. ಅಪ್ಪನ ಒಂದು ಹಳೆಯ ಫೋಟೋ ಕೊಡುತ್ತಾರೆ. ಕೆಲಸ ಬಲ್ಲವರು ಅದರ ಬಣ್ಣ ತಿದ್ದಿ, ಬೆಳಕಿನ ದಿಕ್ಕು ಹೊಂದಿಸಿ, ಪಂಚೆಯ ಅಂಚು ಸೊಸೆಯ ಸೀರೆಯ ಹಿಂದೆ ಮರೆಯಾಗುವಂತೆ ಮಾಸ್ಕ್ ಮಾಡಿ ಕೊಡುತ್ತಾರೆ. ಇಲ್ಲಿ ಗೀರು ಎಳೆದು ಗುರುತು ಬಿಡಿ ಎನ್ನುವ ಧೈರ್ಯ ಯಾರಿಗಿದೆ? ಇದು ರಫು ಹಾಕುವ ಕೆಲಸದಂತೆ. ಹರಿದ ಸೀರೆಗೆ ಅದೇ ಸೀರೆಯ ಎಳೆ ತೆಗೆದು, ಹರಿದದ್ದೇ ತಿಳಿಯದಂತೆ ನೇಯ್ದುಕೊಡುವವನನ್ನು ಯಾರೂ ಸುಳ್ಳುಗಾರ ಎನ್ನುವುದಿಲ್ಲ. ಉಟ್ಟುಕೊಳ್ಳುವವಳಿಗೆ ಗೊತ್ತು, ಹರಿದದ್ದು ಎಲ್ಲಿ ಎಂದು. ಅದೇ ಸೀರೆಯನ್ನು ಹೊಸದೆಂದು ಮಾರಿದರೆ ಮಾತ್ರ ಅದು ಮೋಸ. ಮದುವೆಯ ಫೋಟೋ ನೋಡಿ ಕಣ್ಣೊರೆಸಿಕೊಳ್ಳುವ ತಾಯಿಗೆ ಗಂಡ ಅಂದು ಅಲ್ಲಿರಲಿಲ್ಲ ಎಂದು ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಆ ಮನೆಯವರಿಗೆ ಬಿಡಿಸುವ ದಾರಿ ಅವರ ನೆನಪಿನಲ್ಲೇ ಇದೆ.

ಆದರೆ ಫೋಟೋ ನೆನಪಿಗಿಂತ ಹೆಚ್ಚು ಕಾಲ ಬಾಳುತ್ತದೆ. ನಲವತ್ತು ವರ್ಷ ಕಳೆದ ಮೇಲೆ ಆ ಮದುವೆಯನ್ನು ಕಂಡವರು ಕೆಲವರೇ ಉಳಿದಿರುತ್ತಾರೆ. ಮೊಮ್ಮಗಳೊಬ್ಬಳು ಕಪಾಟಿನಿಂದ ಆ ಫೋಟೋ ತೆಗೆದು, ತಾತ ಅಪ್ಪನ ಮದುವೆಯಲ್ಲಿ ಇದ್ದರು, ಚೆನ್ನಾಗಿಯೇ ಇದ್ದರು ಎಂದುಕೊಳ್ಳುತ್ತಾಳೆ. ಅವಳಿಗೆ ಯಾರೂ ಸುಳ್ಳು ಹೇಳಲಿಲ್ಲ, ಆದರೂ ಅವಳ ಕೈಗೆ ಬಂದದ್ದು ಸುಳ್ಳು. ತಾತ ಇಲ್ಲದೆ ನಡೆದ ಆ ಮದುವೆಯ ಖಾಲಿತನ, ಅದರ ನಡುವೆ ಅಜ್ಜಿ ನಿಂತ ಬಗೆ, ಮಗ ಹೊತ್ತ ಜವಾಬ್ದಾರಿ ಎಲ್ಲ ಅವಳಿಂದ ಮರೆಯಾದವು. ಅವಳ ಮನೆಯವರ ನಿಜವಾದ ಕತೆ ಇದ್ದದ್ದು ಆ ಖಾಲಿ ಜಾಗದಲ್ಲೇ. ಪ್ರೀತಿಯಿಂದ ತುಂಬಿದ ಜಾಗ ಅವಳ ಪಾಲಿಗೆ ಒಂದು ಲೋಪವಾಯಿತು, ಅದೂ ಅರ್ಥ ಕೆಡಿಸುವ ಲೋಪ. ಹಾಗೆಂದು ಅಜ್ಜಿಯಿಂದ ಆ ಫೋಟೋ ಕಿತ್ತುಕೊಳ್ಳಬೇಕೇ? ಬೇಡ. ಅದರ ಬೆನ್ನಿಗೆ ಪೆನ್ನಿನಲ್ಲಿ ಎರಡು ಸಾಲು ಬರೆದಿಟ್ಟರೆ ಸಾಕು: ಮದುವೆಯ ದಿನಾಂಕ, ಅಪ್ಪ ತೀರಿಕೊಂಡ ದಿನಾಂಕ, ಇದು ಸೇರಿಸಿ ಮಾಡಿಸಿದ್ದು ಎಂಬ ಮಾತು. ಮುಂಭಾಗದ ಅಂಚು ಎಷ್ಟು ಬೇಕಾದರೂ ನಯವಾಗಿರಲಿ, ಹಿಂಭಾಗದಲ್ಲಿ ಸಂಧಿ ಬಿಡಿಸಿ ಬರೆದಿರಲಿ.

ಕಂಪ್ಯೂಟರಿನ ಲೋಕದಲ್ಲೂ ಫೋಟೋದ ಬೆನ್ನಿಗೆ ಬರೆಯುವ ಪ್ರಯತ್ನ ನಡೆದಿದೆ. 2021ರಲ್ಲಿ ಅಡೋಬಿ, ಮೈಕ್ರೋಸಾಫ್ಟ್, ಬಿಬಿಸಿ ಮುಂತಾದವು ಸೇರಿ ಸಿ2ಪಿಎ ಎಂಬ ಒಕ್ಕೂಟ ಕಟ್ಟಿದವು. ಚಿತ್ರ ಎಲ್ಲಿ ಹುಟ್ಟಿತು, ಅದಕ್ಕೆ ಏನೇನು ಮಾಡಲಾಯಿತು ಎಂಬ ವಿವರವನ್ನು ಫೈಲಿನ ಜೊತೆಗೇ ಸಹಿ ಮಾಡಿ ಕಟ್ಟಿಡುವ ಕ್ರಮ ಅದು. ಒಳ್ಳೆಯ ಕೆಲಸವೇ. ಆದರೆ ಚಿತ್ರವನ್ನು ಸ್ಕ್ರೀನ್‌ಶಾಟ್ ತೆಗೆದರೆ ಆ ವಿವರ ಉಳಿಯುವುದಿಲ್ಲ. ಬೆನ್ನಿಗೆ ಬರೆಯುವ ಮನಸ್ಸು ಇರುವವನಿಗೆ ಅದು ಪೆನ್ನು ಕೊಡುತ್ತದೆ, ಮನಸ್ಸನ್ನು ಕೊಡಲಾರದು.

ಈಗ ಎಲ್ಲರಿಗೂ ಫೋಟೋ ಸುಳ್ಳು ಹೇಳುತ್ತದೆಂದು ಗೊತ್ತು, ಆದ್ದರಿಂದ ಯಾರೂ ಮೋಸಹೋಗುವುದಿಲ್ಲ, ಇಷ್ಟೆಲ್ಲ ಚಿಂತೆ ಏಕೆ ಎಂದು ಕೇಳುವವರಿದ್ದಾರೆ. ಈ ಮಾತು ಜಾಣತನದಂತೆ ಕಂಡರೂ ಇದರ ಬೆಲೆ ತೆರುವವರು ಬೇರೆಯವರು. ಯಾವ ಫೋಟೋವನ್ನೂ ನಂಬುವುದಿಲ್ಲ ಎಂದು ನಾವು ತೀರ್ಮಾನಿಸಿದರೆ, ನಕಲಿ ಮಾಡಿದವನಿಗೆ ನಷ್ಟವೇನೂ ಇಲ್ಲ. ನಷ್ಟವಾಗುವುದು ಒಂದೇ ಒಂದು ನಿಜವಾದ ಫೋಟೋ ಹಿಡಿದುಕೊಂಡು ನ್ಯಾಯ ಕೇಳಲು ಬಂದವನಿಗೆ. ತನ್ನ ಮನೆ ಕೆಡವಿದ್ದರ, ತನ್ನ ಮಗನನ್ನು ಹೊಡೆದದ್ದರ ಚಿತ್ರವನ್ನು ಮುಂದಿಟ್ಟರೆ, ಇದೂ ಎಡಿಟ್ ಮಾಡಿದ್ದೇ ಇರಬೇಕು ಎಂಬ ಉತ್ತರ ಸಿಗುತ್ತದೆ. ನಯವಾಗಿ ಬೆಸೆದು ಸುಮ್ಮನಿದ್ದುಬಿಟ್ಟ ಪ್ರತಿಯೊಂದು ಚಿತ್ರವೂ ಅವನ ಸಾಕ್ಷಿಯಿಂದ ಒಂದಿಷ್ಟನ್ನು ಕಳೆಯುತ್ತದೆ.

ಹಾಗಾದರೆ ಮೊದಲು ಕೇಳಿದ ಪ್ರಶ್ನೆಗೆ ಉತ್ತರ? ಕಸುಬು ಸುಧಾರಿಸಿದಷ್ಟೂ ನೀತಿ ಇಳಿಯಬೇಕಾಗಿಲ್ಲ. ಆದರೆ ಜವಾಬ್ದಾರಿ ಏರುತ್ತದೆ. ಫ್ಲೆಕ್ಸಿನ ಒರಟು ಅಂಚು ತನ್ನನ್ನು ತಾನೇ ಬಿಡಿಸಿ ತೋರಿಸುತ್ತದೆ, ಅಲ್ಲಿ ಬಾಯಿಬಿಟ್ಟು ಹೇಳುವುದು ಏನೂ ಇಲ್ಲ. ಅಂಚು ಕಾಣದಂತೆ ಮಾಡಬಲ್ಲವನು ಮಾತ್ರ, ಕಣ್ಣಿಗೆ ಕಾಣದ್ದನ್ನು ಮಾತಿನಲ್ಲಿ ಹೇಳಬೇಕಾದವನಾಗುತ್ತಾನೆ. ಚಿತ್ರದಲ್ಲಿ ಎಷ್ಟು ಮುಚ್ಚಿದನೋ ಅಷ್ಟನ್ನು ಬೇರೆ ಎಲ್ಲಾದರೂ ತೆರೆದಿಡಬೇಕು: ಅಡಿಬರಹದಲ್ಲಿ, ಬೆನ್ನಿನಲ್ಲಿ, ಕೇಳಿದವರಿಗೆ ಕೊಡುವ ಉತ್ತರದಲ್ಲಿ.

ಮತ್ತೆ, ಕೂಡಿಸಲೇಬಾರದ ಜಾಗಗಳೂ ಇವೆ. ಅದನ್ನೂ ವ್ಯಾಕರಣ ಮೊದಲೇ ಹೇಳಿಟ್ಟಿದೆ. ಸ್ವರದ ಎದುರು ಸ್ವರ ಬಂದು ಸಂಧಿಯಾಗಲು ಎಲ್ಲ ಅನುಕೂಲ ಇದ್ದರೂ ಕೆಲವೆಡೆ ಸಂಧಿ ಮಾಡುವುದಿಲ್ಲ, ಪದಗಳನ್ನು ಇದ್ದ ಹಾಗೆಯೇ ಬಿಡುತ್ತೇವೆ. ಅದಕ್ಕೆ ಪ್ರಕೃತಿಭಾವ ಎಂದು ಹೆಸರು. ಅದು ಬರುವುದು ಎಲ್ಲಿ? ಯಾರನ್ನೋ ಕೂಗಿ ಕರೆಯುವಾಗ, ಬೆರಗಿನಿಂದ ಅಬ್ಬಾ ಎನ್ನುವಾಗ, ಸಂಕಟದಿಂದ ಅಯ್ಯೋ ಎನ್ನುವಾಗ. ‘ಅಯ್ಯೋ ಇದೇನು’ ಎಂಬುದನ್ನು ನಯವಾಗಿ ಕೂಡಿಸಿ ಹೇಳಿದರೆ ಅದು ಕೂಗಾಗಿ ಉಳಿಯುವುದಿಲ್ಲ. ಬಸ್ರಾದ ರಸ್ತೆಯಲ್ಲಿ ಮಗುವನ್ನೆತ್ತಿಕೊಂಡು ನಿಂತ ತಂದೆಯ ಚಿತ್ರ ಅಂಥದ್ದೊಂದು ಕೂಗು. ಅದರ ಎದುರು ಬ್ರಶ್ ಎಷ್ಟೇ ಮೃದುವಾಗಿರಲಿ, ಅದನ್ನು ಕೆಳಗಿಡಬೇಕು.